ಎಂಟನೇ ಸುತ್ತಿನ ಪಹರೆ

ಏಳೇ ಸುತ್ತು ಎಂದು ಶಾಲೆಯಲ್ಲಿ ಕಲಿತಿದ್ದೆ.
ಬೆಳಗಿನ ಜಾವದ ಕಸರತ್ತಿಗೆ ಒಂಬತ್ತು ಮಂದಿ
ಬೆನ್ನಿಗೆ ಇಪ್ಪತ್ತೆರಡು ಕಿಲೋ ಹೊತ್ತು
ಮಂಜಿನಲ್ಲಿ ಒಂದು ದಿಡ್ಡಿ ದಾಟಿದೆವು.
ತಿರುಗಿ ನೋಡಿದರೆ ದಿಡ್ಡಿ ಇಲ್ಲ,
ಬಂಡೆಯಿತ್ತು.
ಬಂಡೆಗೆ ಉಸಿರಿತ್ತು.

ಉಪಗ್ರಹ ಸಿಗುತ್ತಿಲ್ಲ ಎಂದು ಜಿಪಿಎಸ್ ಕೈಚೆಲ್ಲಿತು.
ನನ್ನ ಕಣ್ಣಿಗೆ ಮಾತ್ರ ಗುರುತು ಸಿಕ್ಕಿತು:
ಅದೇ ಜೋಗಿಮಟ್ಟಿಯ ಬೆನ್ನು, ಮೇಲೆ ಗಾಳಿಯಂತ್ರಗಳಿಲ್ಲ.
ದಾವಣಗೆರೆ ಕಡೆ ಓಡುವ ಹೆದ್ದಾರಿ ಇಲ್ಲ,
ಲಾರಿಗಳ ದೀಪದ ಸಾಲಿಲ್ಲ.
‘ನಿನ್ನ ಊರೇ ಅಲ್ಲವೇನೋ ಪಾಲಯ್ಯ, ದಾರಿ ಹೇಳು’
ಅಂದ ಹವಾಲ್ದಾರ್ ಬಲ್ಕಾರ್ ಸಿಂಗ್.
ಉಳಿದ ಎಂಟು ಮಂದಿ ಊರು ಬಿಟ್ಟು ಬಂದು ಕಳೆದುಹೋದರು.
ನಾನು ಊರಲ್ಲೇ.

ಇಲ್ಲಿ ಬಂಡೆಗಳು ಮೇಯುತ್ತವೆ.
ಹಗಲೆಲ್ಲ ಒಂದರ ಮೇಲೊಂದು ತಲೆಯಿಟ್ಟು ನಿದ್ದೆ,
ನಮ್ಮ ಕಡೆ ಕಾಣುವ ಹಾಗೆಯೇ.
ಇರುಳಾದರೆ ಎದ್ದು ಬಂದು ಗೋಡೆಗೆ ಮೈ ಉಜ್ಜುತ್ತವೆ.
ಸಿಟ್ಟೇನಿಲ್ಲ ಅವಕ್ಕೆ, ತುರಿಕೆ.
ಬಂಡೆಗೆ ತುರಿಕೆ ಎದ್ದರೆ ಒಂದು ಕೇರಿ ನೆಲಸಮ.
ಮೊದಲ ರಾತ್ರಿ ನಾಲ್ಕು ಮ್ಯಾಗಜಿನ್ ಖಾಲಿ ಮಾಡಿದೆವು.
ಕಲ್ಲಿಗೆ ಬಡಿದ ಒಂದು ಗುಂಡು
ತಿರುಗಿ ಸೆಲ್ವಮಣಿಯ ತೊಡೆಗೇ ಬಂತು.

ಕೋಟೆಯವರು ಆಡುವುದು ಕನ್ನಡವೇ,
ಅಜ್ಜನ ಅಜ್ಜ ಬಾಯಿ ಮುಕ್ಕಳಿಸಿ ಉಗುಳಿದಂಥ ಕನ್ನಡ.
ಮುದುಕಿ ಬೊಮ್ಮಕ್ಕ ನನ್ನ ಬೂಟು ನೋಡಿ ಕೇಳಿದಳು:
‘ಯಾರ ಉಪ್ಪು ತಿಂದ ದಂಡು ನೀವು?’
ಉತ್ತರ ಹೊಳೆಯದೆ ರೇಷನ್ನಿನ ಪೊಟ್ಟಣ ಹರಿದು
ಅವಳ ಅಂಗೈಗೆ ಸುರಿದೆ, ಐದು ಗ್ರಾಂ.
ನೆಕ್ಕಿದಳು. ಸುಮ್ಮನಿದ್ದು ಇನ್ನೊಮ್ಮೆ ನೆಕ್ಕಿದಳು.
ಅಂದಿನಿಂದ ನಮಗೆ ಅವಳ ಮನೆಯ ಮುದ್ದೆ,
ಉಪ್ಪಿಲ್ಲದ ಹುರುಳಿ ಸಾರು.
ಉಪ್ಪಿಲ್ಲದಿದ್ದರೂ ಋಣ ಋಣವೇ.

ನನ್ನ ಕೆಲಸ ರೇಡಿಯೋ.
ಗಂಟೆಗೊಮ್ಮೆ ಗುಂಡಿ ಒತ್ತಿ
‘ತೋಳ ಒಂದು, ತೋಳ ಒಂದು, ಇದು ತೋಳ ಮೂರು, ಓವರ್.’
ಓವರ್ ಅಂದರೆ ಮುಗಿಯಿತು ಅಂತಲ್ಲ,
ಇನ್ನು ನೀನು ಮಾತಾಡು ಅಂತ.
ಯಾರೂ ಮಾತಾಡಲಿಲ್ಲ.
ಕಾದ ಹೆಂಚಿಗೆ ನೀರು ಚಿಮುಕಿಸಿದಂತೆ
ಬರೀ ಶ್ಶ್ಶ್.

ಆರನೆಯ ರಾತ್ರಿ ದೊಡ್ಡದೊಂದು ಗೋಡೆಗೇ ಬಂತು.
ಗಾಬರಿಗೆ ನನ್ನ ಕೈ ತಗುಲಿ ವಾಲ್ಯೂಮ್ ಏರಿತು.
ಅದು ನಿಂತಿತು.
ಕಿವಿಯಿಲ್ಲದ ತಲೆಯನ್ನು ಓರೆ ಮಾಡಿ
ಆ ಶ್ಶ್ಶ್ ಅನ್ನು ಕೇಳಿತು, ಕೇಳಿತು,
ಮೊಣಕಾಲು ಮಡಿಸಿ ಮಲಗಿತು.

ಬ್ಯಾಟರಿಯಲ್ಲಿ ಒಂದೇ ಗೆರೆ.
‘ಅದು ಮನೆಗೆ’ ಎಂದ ಜಿಲಾನಿ.
ಬೀದರಿನಲ್ಲಿ ಅವನ ಹೆಂಡತಿಗೆ ದಿನ ತುಂಬಿತ್ತು.
ಬಲ್ಕಾರ್ ಏನೂ ಹೇಳದೆ ಗಡ್ಡ ಕಟ್ಟುತ್ತ ಕೂತ.
ಗೋಡೆಯಾಚೆ ಇನ್ನೆರಡು ಎದ್ದು ಮೈ ಕೊಡವಿದವು,
ಈಚೆ ಬೊಮ್ಮಕ್ಕನ ಮೊಮ್ಮಗು ಕೆಮ್ಮುತ್ತಿತ್ತು.
ನಾನು ಗುಂಡಿಯ ಮೇಲೆ ಬೆರಳಿಟ್ಟು ಕೂತೇ ಇದ್ದೆ.
ಜಿಲಾನಿಯೇ ಬಂದು ತಿರುವಿದ,
ಪೂರ್ತಿ,
ಬೆಳಗಿನವರೆಗೆ.

ಇವತ್ತು ರೇಡಿಯೋ ಬರೀ ಪೆಟ್ಟಿಗೆ.
ಕತ್ತಲಲ್ಲಿ ಕಲ್ಲು ಕಲ್ಲಿನಿಂದ ಬಿಡಿಸಿಕೊಳ್ಳುವ ಸದ್ದು.
ತಮ್ಮನ ತೊಟ್ಟಿಲ ಹಗ್ಗ ಹಿಡಿದು
ಅವ್ವ ಹಲ್ಲಿನ ಸಂದಿಯಲ್ಲಿ ಮಾಡುತ್ತಿದ್ದುದು ನೆನಪಾಯಿತು.
ನಾಲಿಗೆ ಒಣಗಿತ್ತು, ಆದರೂ ಮಾಡಿದೆ:
ಶ್ಶ್ಶ್.
ಬಲ್ಕಾರ್ ನನ್ನ ಮುಖ ನೋಡಿದ, ಆಮೇಲೆ ಅವನೂ.
ಸೆಲ್ವಮಣಿ ಕುಂಟುತ್ತ ಎದ್ದು ಬಂದ.
ಹೆಲ್ಮೆಟ್ ಕೆಳಗಿಟ್ಟು, ಬಂದೂಕಿಗೆ ಸೇಫ್ಟಿ ಹಾಕಿ
ಕೋಟೆಯ ತೆನೆಯಿಂದ ತೆನೆಗೆ ಒಂಬತ್ತು ಬಾಯಿ.
ಕೆಳಗಿನಿಂದ ಒಂದು ಹಲ್ಲಿಲ್ಲದ ಬಾಯಿಯೂ ಸೇರಿತು,
ಅವಳದು.

ದೊಡ್ಡದು ಒಂದು ಹೆಜ್ಜೆ ಇಟ್ಟು ನಿಂತಿದೆ.
ಇನ್ನೂ ಮಲಗಿಲ್ಲ.
ಉಸಿರು ಸಾಲುತ್ತಿಲ್ಲ, ಜಿಲಾನಿ, ನೀನು ಹಿಡಿ,
ನಾನೊಂದು ಗುಟುಕು ನೀರು ಕುಡಿಯುತ್ತೇನೆ.