ಲಾಳಿ

ಹೆಸರಿಟ್ಟಾಕಿ ನಮ್ಮ ಸಂಕವ್ವ.
ಮರಿ ಇದ್ದಾಗ ಮಗ್ಗದ ಆ ಕಡಿಂದ ಈ ಕಡೆ,
ಈ ಕಡಿಂದ ಆ ಕಡೆ,
ನಿಂತಲ್ಲಿ ನಿಲ್ಲದ ನಾಯಿ. ಲಾಳಿ.

ಈಗ ಮೂರು ತಿಂಗಳಾತು,
ಕುಣಿಯೊಳಗ ನನ್ನ ಕಾಲ ಹಂತೇಕ ಬಿದ್ದು
ಕರಕರ, ಕರಕರ.
ಹಾಸಿಲ್ಲದ ಹೊಕ್ಕು.
ರಾತ್ರಿ ಹನ್ನೊಂದಕ್ಕ ನನ್ನ ಮಗ್ಗ ನಿಂತರೂ
ಅದರ ಮಗ್ಗ ನಿಲ್ಲಂಗಿಲ್ಲ.
ಹೊಟ್ಟಿ ಕೆಳಗ ಕೂದಲೆಲ್ಲಾ ಹೋಗಿ
ಖಣದ ಅಂಚಿನ ಕೆಂಪು,
ನಾ ಹಾಕಿದ್ದಲ್ಲದ ಬಣ್ಣ.

ಸುಟ್ಟ ಆಯಿಲ್ ಬಡೀರಿ, ಅಂದ ಗ್ಯಾರೇಜಿನ ದಾವಲಸಾಬ.
ಗಂಧಕ ಅರದು ಹಚ್ಚು, ಅಂದಳು ಕಮತಗಿ ಅತ್ತಿ.
ಬಾದಾಮಿ ರಸ್ತಾಕ ಬಿಟ್ಟು ಬಾ, ಅಂದವನ
ಹೆಸರು ಮಾತ್ರ ಹೇಳೂದಿಲ್ಲ,
ನಾಳೆ ನೂಲು ಅವನ ಕಡಿಂದನ ತರಬೇಕು.

ದನದ ದವಾಖಾನಿಯ ತಾಂಬೋಳಿ ಡಾಕ್ಟರಮ್ಮ
ಎಮ್ಮಿ ಈಯಿಸಿದ ಕೈ ತೊಳಕೋತ ಬಂದು
ಕಿವಿ ಮಗಚಿ ನೋಡಿದ್ರು, ಬೆರಳ ಸಂದಿ ನೋಡಿದ್ರು.
"ಚಿಕ್ಕಾಡು ಇಲ್ಲ, ಕಜ್ಜಿ ಅಲ್ಲ. ಅಲರ್ಜಿ ಇದು.
ಯಾತರದು ಅಂತ ನನಗ ಗೊತ್ತಿಲ್ಲ.
ಏನು ತಿಂತು, ಎಲ್ಲಿ ಹೊರಳಿತು, ಬರದಿಡ್ರಿ.
ಸುಟ್ಟ ಎಣ್ಣಿ ಗಿಣ್ಣಿ ಹಚ್ಚಿದ್ರ ನನ್ನ ಕಡೆ ಬರಬ್ಯಾಡ್ರಿ."

ಖಣದ ಲೆಕ್ಕದ ವಹಿ ಹಿಂದ್ಕ ತಿರುವಿ ಬರದೆ.
ಸೋಮವಾರ: ಕೋಳಿ ಕಾಲು. ಕೆರಕೊಂತು.
ಮಂಗಳವಾರ: ಬರೇ ಜ್ವಾಳದ ರೊಟ್ಟಿ. ಕೆರಕೊಂತು.
ಬುಧವಾರ: ಮನ್ಯಾಗ ನೂಲಿಗೆ ಗಂಜಿ ಹಾಕಿದ್ವಿ.
ಗಂಜಿ ನೆಕ್ಕಿತು. ಕೆರಕೊಂತು.
ಗುರುವಾರ ಬರಿಯೂದು ಮರತೆ.
ಅವತ್ತ ಕೆರಕೊಳ್ಳಲಿಲ್ಲೋ ಏನೋ.
ಶುಕ್ರವಾರ ಬಾಗಲಾ ಹಾಕಿದ್ದು, ಸಂಕವ್ವನ ತಂಗಿ ಮನಿಗೆ ಹೋಗಿದ್ವಿ.
ಬಂದು ನೋಡಿದ್ರ ನಾಯಿ ಗೊರಕಿ ಹೊಡ್ಯಾಕತ್ತಿತ್ತು.

ಅವತ್ತ ಹಿತ್ತಲ ಗ್ವಾಡಿ ಹತ್ತಿ ನೋಡಿದೆ.
ಎದಿಮಟ ಕಾಂಗ್ರೆಸ್ ಕಸ.
ಮುಂಜಾನೆದ್ದು ಅದರಾಗ ಹೊರಳಿ
ಬಿಳಿ ಹೂವಿನ ಪುಡಿ ಮೈತುಂಬ ಮೆತ್ತಿಕೊಂಡು
ಲಗ್ನಕ್ಕ ಹೋಗಿ ಬಂದವರಂಗ ಬರತಿತ್ತು ನಮ್ಮ ಲಾಳಿ.

ಕೈಗೆ ಚೀಲ ಸುತ್ತಿ ಕಿತ್ತೆ ಎರಡು ದಿನ.
"ಎಷ್ಟ ಕೀಳತಿ ಮಾರಾಯ, ಗುಳೇದಗುಡ್ಡದ ತುಂಬ ಐತಿ"
ಅಂತ ನಕ್ಕೋತ ಹೋದ ಮುನಸಿಪಾಲ್ಟಿಯವ.
ಖರೇ ಮಾತು. ಊರು ಕೀಳಾಕ ಬರೂದಿಲ್ಲ,
ಕಾಲು ಒರಸಾಕ ಬರತೈತಿ.
ಬಾಗಲದಾಗ ಒದ್ದಿ ಅರಿವಿ, ಒಂದು ಬೋಗಾಣಿ.
ನಾಲ್ಕೂ ಪಾದ, ಬೆರಳ ಸಂದಿ, ಹೊಟ್ಟಿ.
ನನ್ನ ಹೆಣ್ತಿ ಹೇಳಿದ್ಲು,
ಮದುವ್ಯಾದಾಗಿಂದ ನನ್ನ ಕಾಲು ಯಾರೂ ಇಷ್ಟು ಒರಸಿಲ್ಲ ಅಂತ.

ಓಟ್ಸ್ ಕೇಳಿದ್ರ ಕಿರಾಣಿ ಗುರುಪಾದಪ್ಪ
ಸಕ್ಕರಿ ಬ್ಯಾನಿ ಬಂತೇನ್ರಿ ಅಂದ.
ಹೂಂ ಅಂದೆ.
ನಾಯಿಗೆ ಅಂದಿದ್ರ ಸಂಜಿಕ ಊರೆಲ್ಲಾ ಆಗತಿತ್ತು.
ಈಗ ಎದುರು ಸಿಕ್ಕವರು ಹಾಗಲಕಾಯಿ ರಸ ಕುಡಿ ಅಂತಾರ.

ಸಣ್ಣಾಗಿ ಬೀಸಿ, ತಣ್ಣೀರಾಗ ಕದಡಿ
ಮೈ ತೊಯಿಸಿ, ಹತ್ತು ನಿಮಿಷ ಬಿಡಬೇಕಂತ.
ಹತ್ತು ನಿಮಿಷ ಅಂದ್ರ ನಾಲ್ಕು ಬೆರಳು ಬಟ್ಟಿ.
ನಲವತ್ತು ವರ್ಷದಾಗ
ಸುಮ್ಮನ ಕೈ ಇಟಗೊಂಡು ಇಷ್ಟೊತ್ತು ಕುಂತಿದ್ದಿಲ್ಲ ನಾ.
ನಾಯಿ ಬೆನ್ನ ಮ್ಯಾಲ ಕೈ.
ಹಾಲಿನಂಥ ನೀರು
ಬೆರಳ ಬಿರುಕಿನಾಗ ಇಳೀತು, ಬಣ್ಣದ ಸೋಡಾ ತಿಂದ ಬಿರುಕು.
ಮೊದಲು ಉರೀತು. ಆಮ್ಯಾಲ ಇಲ್ಲ.

ಪೂರಾ ಹೋಗಿಲ್ಲ ತುರಿಕಿ.
ಹೋಗೂದಿಲ್ಲ ಅಂದಾರ ಡಾಕ್ಟರಮ್ಮ,
ಹಿಡಿತದಾಗ ಇಟಗೋರಿ, ಸಾಕು.
ಹೊಟ್ಟಿಗೆ ನವಿರು ಕೂದಲಾ ಬರಾಕತ್ಯಾವು.

ನಿನ್ನೆ ನಡುರಾತ್ರಿ ಎಚ್ಚರಾತು.
ಕರಕರ, ಕರಕರ.
ಲೈಟ್ ಹಚ್ಚಿದೆ.
ಮುಂಗಾಲ ಮ್ಯಾಲ ಗದ್ದ ಇಟ್ಟು ಲಾಳಿ
ನನ್ನನ್ನ ನೋಡಾಕತ್ತಿತ್ತು.
ಕೆರಿಯಾಕತ್ತಿದ್ದು ನನ್ನ ಕೈ.

"ಕೆರೀಬ್ಯಾಡ" ಅಂದಳು ಸಂಕವ್ವ, ಕಣ್ಣು ತೆರೀದ.
ಯಾರಿಗಂದ್ಲೋ.
ಇಬ್ಬರೂ ಸುಮ್ಮನಾದ್ವಿ.