ಮಧ್ಯಾಹ್ನದ ಪಾಳಿ

ಗಲ್ಲ ಸ್ವಲ್ಪ ಕೆಳಗೆ, ಮಿಸ್ರಿಯಾ.
ನಗಲೇಬೇಕೆಂದಿಲ್ಲ. ಈ ಫೋಟೊ ನಾಲ್ಕು ವರ್ಷ
ನಿನ್ನ ಕುತ್ತಿಗೆಗೆ ಜೋತುಬಿದ್ದಿರುತ್ತದೆ,
ಕೊನೆಗೆ ನೀನೇ ನಂಬುವುದಿಲ್ಲ ಇದು ನೀನೆಂದು.

ಎದೆಯ ಮೇಲಿನ ಫ್ಲೋಸಿ ರೇಗೋ ಎಂಬ ಹೆಸರು ಓದಿ
"ಊರಲ್ಲಿ ಎಲ್ಲಿ ನಿಮಗೆ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆಯಲ್ಲ,
ಹಿಂದೆ ಹದಿನಾರು ಜನ ಕ್ಯೂ ನಿಂತಿರುವಾಗ!
ಶಿರ್ವ ಅಂದೆ ನಾನು. ಉಪ್ಪಿನಂಗಡಿ ಅಂದೆ ನೀನು.
ಇಬ್ಬರೂ ಹುಟ್ಟಿದ್ದು ಇದೇ ಶಾರ್ಜಾದಲ್ಲಿ,
ಊರನ್ನು ರಜೆಯಲ್ಲಷ್ಟೇ ಕಂಡವರು.

ಪ್ರಿಂಟರ್ ಬಿಸಿಯಾಗಲು ಮೂರು ನಿಮಿಷ ಬೇಕು.
ಅಷ್ಟರಲ್ಲಿ ಕೇಳು.

ನಾನು ಕಲಿತ ಶಾಲೆ ಇಲ್ಲಿಂದ ಎರಡು ಸಿಗ್ನಲ್ ಆಚೆ.
ಬೆಳಿಗ್ಗೆ ಹುಡುಗಿಯರು, ಮಧ್ಯಾಹ್ನ ಹುಡುಗರು,
ಅದೇ ಕೋಣೆ, ಅದೇ ಬೆಂಚು.
ನಾವು ಕೂತ ಬಿಸಿ ಆರುವ ಮೊದಲೇ
ಅವರು ಬಂದು ಕೂರುತ್ತಿದ್ದರು.
ಮುಖ ನೋಡಿದ್ದೇ ಇಲ್ಲ. ಗೇಟಿನಲ್ಲಿ ಬಸ್ಸುಗಳು ಮಾತ್ರ
ಒಂದನ್ನೊಂದು ಉಜ್ಜಿಕೊಂಡು ದಾಟುತ್ತಿದ್ದವು.

ಹನ್ನೊಂದರಲ್ಲಿ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ.
ಪುಸ್ತಕದಲ್ಲಿ ತಪ್ಪಿದರೆ ಟೀಚರ್ ನೋಡುತ್ತಾರೆಂದು
ಬೆಂಚಿನ ಮೇಲೆಯೇ ಬಿಡಿಸುತ್ತಿದ್ದೆ, ಎಡಮೂಲೆಯಲ್ಲಿ, ಪೆನ್ಸಿಲಿನಲ್ಲಿ.
ಒಂದು ಭಾನುವಾರ ಬಂದು ನೋಡಿದರೆ
ನನ್ನ ಮೂರನೇ ಸಾಲಿಗೆ ಒಂದು ಬಾಣ,
ಬಾಣದ ತುದಿಯಲ್ಲಿ ಪುಟ್ಟ ಮೈನಸ್ ಚಿಹ್ನೆ.
ಅಷ್ಟೇ. ಹೆಸರಿಲ್ಲ, ಹಂಗಿಸಿದ್ದಿಲ್ಲ.

ಮಾರಾಯ್ತಿ, ನನಗೆ ಎಷ್ಟು ನಾಚಿಕೆಯಾಯಿತೆಂದರೆ
ಉಗುಳು ಹಚ್ಚಿ ಟಿಶ್ಯೂನಲ್ಲಿ ತಿಕ್ಕಿ ತಿಕ್ಕಿ ಅಳಿಸಿದೆ.
ಮರುದಿನ ಜಾಗ ಬದಲಿಸಿದೆ.
ಆ ಮೈನಸ್ಸನ್ನು ಬಿಟ್ಟುಕೊಂಡೇ ಬೋರ್ಡ್ ಪರೀಕ್ಷೆಗೂ ಹೋದೆ.

ಅದಕ್ಕೇ ಈ ಕೌಂಟರಿನ ಹಿಂದೆ ಕೂತಿದ್ದೇನೆ ಎಂದಲ್ಲ.
ಅದಕ್ಕೆ ಬೇರೆ ಕಾರಣಗಳಿವೆ: ಪಪ್ಪನ ಕಂಪನಿ ಮುಚ್ಚಿದ್ದು,
ವೀಸಾ, ತಮ್ಮನ ಕಾಲು.
ಆದರೆ ರಾತ್ರಿ ಎಚ್ಚರವಾದಾಗ ನೆನಪಾಗುವುದು
ಕಂಪನಿಯಲ್ಲ, ಆ ಬಾಣ.

ನಾಲ್ಕು ಬಣ್ಣದ ಪೆನ್ನಿನಲ್ಲಿ ನೋಟ್ಸ್ ಬರೆಯುತ್ತಿದ್ದೆ ನಾನು,
ಎಷ್ಟು ಚಂದ ಗೊತ್ತಾ, ಎಲ್ಲರೂ ಕೇಳಿ ಒಯ್ಯುತ್ತಿದ್ದರು.
ಓದಿದವರು ಅವರು.

ಶಾಲು ಇಟ್ಟುಕೋ. ಹೊರಗೆ ನಲವತ್ತಾರು ಡಿಗ್ರಿ,
ಲೆಕ್ಚರ್ ಹಾಲಿನಲ್ಲಿ ಹದಿನೆಂಟು.
ಜೆರಾಕ್ಸ್ ಅಂಗಡಿಯ ಕಾಕಾನ ಬಳಿ ಹಳೇ ಪ್ರಶ್ನೆಪತ್ರಿಕೆ ಸಿಗುತ್ತದೆ,
ಮೊದಲು ಅವನ ಮೊಮ್ಮಗಳ ಫೋಟೊ ನೋಡಬೇಕು, ನೋಡು.
ಮಂಗಳೂರಿನವರೆಲ್ಲ ಒಂದೇ ಮೇಜಿಗೆ ಕೂರುತ್ತಾರೆ ಕ್ಯಾಂಟೀನಿನಲ್ಲಿ,
ಒಂದು ವಾರ ಕೂರು,
ಆಮೇಲೆ ತಟ್ಟೆ ಎತ್ತಿಕೊಂಡು ಎಲ್ಲಿಗಾದರೂ ಹೋಗು.
ಹನ್ನೆರಡು ವರ್ಷ ನಾನು ಎದ್ದಿರಲಿಲ್ಲ.

ಪ್ರೊಫೆಸರರ ಬಾಗಿಲಿಗೆ ಸಮಯ ಬರೆದು ಅಂಟಿಸಿರುತ್ತಾರೆ,
ಅಲಂಕಾರಕ್ಕಲ್ಲ ಅದು.
ಆ ಕೋಣೆಗಳ ಕೀಲಿ ಕೊಡುವವಳು ನಾನು, ನನಗೆ ಗೊತ್ತು:
ಆ ಹೊತ್ತಿನಲ್ಲಿ ಒಬ್ಬರೇ ಕೂತು ಸುಲೈಮಾನಿ ಕುಡಿಯುತ್ತ
ಬಾಗಿಲನ್ನೇ ನೋಡುತ್ತಿರುತ್ತಾರೆ.
ಯಾರೂ ಬರುವುದಿಲ್ಲ.
ಪರೀಕ್ಷೆಯ ಹಿಂದಿನ ದಿನ ಎಲ್ಲರೂ ಬರುತ್ತಾರೆ.

ನಿನ್ನ ಉಪ್ಪ ಕೊಟ್ಟ ಚೆಕ್ಕುಗಳು ಪಕ್ಕದ ಕೌಂಟರಿನಲ್ಲಿವೆ,
ತಾರೀಕು ಮುಂದೆ ಹಾಕಿದ ಆರು ಚೆಕ್ಕು,
ಕೊನೆಯದರಲ್ಲಿ ಸಹಿ ಸ್ವಲ್ಪ ನಡುಗಿದೆ.
ಹೇಳಬಾರದಿತ್ತೇನೋ.
ಅದನ್ನು ಹೊತ್ತುಕೊಂಡು ತಿರುಗಬೇಡ.
ಮರೆಯಲೂ ಬೇಡ. ಹೇಗೆ ಎಂದು ಕೇಳಬೇಡ,
ನನಗೂ ಬಂದಿಲ್ಲ ಅದು.

ಆ ಹುಡುಗ ಯಾರೆಂದು ತಿಳಿಯಲೇ ಇಲ್ಲ.
ಈಗ ಎಲ್ಲೋ ಸೇತುವೆ ಕಟ್ಟುತ್ತಿರಬಹುದು,
ಟ್ಯಾಕ್ಸಿ ಓಡಿಸುತ್ತಿರಬಹುದು.
ಅಳಿಸಿದ ಜಾಗ ನೋಡಿ ಏನಂದುಕೊಂಡನೋ ಆ ಮಧ್ಯಾಹ್ನ.

ಬಂತು ಕಾರ್ಡು. ಅಂಚು ಹಿಡಿ, ಬಿಸಿ ಇದೆ.
ಅಯ್ಯೋ, ಕಣ್ಣು ಅರ್ಧ ಮುಚ್ಚಿದೆ.
ನೋಡಿಯೂ ಏನೂ ಹೇಳದೆ
ಚೀಲಕ್ಕೆ ಹಾಕಿಕೊಳ್ಳುತ್ತಿದ್ದೀಯಲ್ಲ.

ಕೊಡು ಇಲ್ಲಿ.
ಕೂತುಕೋ ಮತ್ತೆ.
ಹದಿನಾರು ಜನ ಕಾಯಲಿ.