ನೂರ ನಲವತ್ತೇಳು ಸೆಂಟಿಮೀಟರು

ಟೋರ್ಸ್‌ಹಾವ್ನ್ ಬಂದರಿನ ಹಡಗು ಕಚೇರಿಯಲ್ಲಿ
ಮಾಳಿಗೆಯ ಮೇಲೆ ನಾನು ಮತ್ತು ಬಾರ್ದುರ್,
ಕೆಳಗೆ ಟಿಕೆಟ್ಟಿನ ಕಿಟಕಿ, ಅದರೊಳಗೆ ಮಾರ್ನಾ.
ನಮ್ಮದೂ ಕಿಟಕಿಯೇ; ಗೋಡೆಯಿಲ್ಲದ್ದು,
ದ್ವೀಪದ್ವೀಪದ ಅಡುಗೆಮನೆಗಳಲ್ಲಿ ತೆರೆಯುವಂಥದ್ದು.

ಸರ್ವರಿಗೆ ಹುಟ್ಟಿನಿಂದಲೇ ಮರೆವು.
ಈಗಷ್ಟೇ ಮಾತಾಡಿ ಹೋದವರು ತಿರುಗಿ ಬಂದರೂ
"ಯಾರು ನೀವು?" ಅನ್ನುತ್ತದೆ.
ಅದಕ್ಕೇ ಬಂದವರ ಕೈಗೊಂದು ಬಿಲ್ಲೆ,
ಅವರು ಹೇಳಿದ್ದೆಲ್ಲ ಒಳಗೊಂದು ಗೂಟಕ್ಕೆ,
ನಾಟಕಶಾಲೆಯ ಬಾಗಿಲಲ್ಲಿ ಒದ್ದೆ ಕೋಟು ಬಿಚ್ಚಿಕೊಟ್ಟಂತೆ.
ಬಿಲ್ಲೆ ತೋರಿಸು, ಕೋಟು ತಗೋ.

ಒಂದೇ ಸರ್ವರು ಇದ್ದಷ್ಟು ದಿನ ಹೇಗೋ ನಡೆಯಿತು.
ಜನವರಿಯ ಬಿರುಗಾಳಿಗೆ ಮೂರು ದಿನ ಹಡಗು ನಿಂತು
ನಾಲ್ಕನೆಯ ದಿನ ಊರಿಗೂರೇ ಮುಗಿಬಿದ್ದಾಗ
ಇನ್ನೊಂದನ್ನು ತಂದು ಪಕ್ಕದಲ್ಲಿ ಕೂರಿಸಿದೆವು.
ಅಲ್ಲಿಂದ ತಕರಾರು ಶುರು:
ಕೋಟು ಈ ಮನೆಯಲ್ಲಿ, ಬಿಲ್ಲೆ ಆ ಮನೆಯ ಬಾಗಿಲಲ್ಲಿ,
ನಡುವೆ ಮಾತುಕತೆಯಿಲ್ಲ
ಪಾಲಾದ ಅಣ್ಣತಮ್ಮಂದಿರ ಹಾಗೆ.

"ಸುಂಬಾದಿಂದ ತುಮ್ಮಸ್ ಅಂತೆ, ಆರನೇ ಸಲ ಫೋನು!"
ಮೆಟ್ಟಿಲ ಬುಡದಿಂದ ಮಾರ್ನಾ ಕೂಗಿದಳು.
ಮುಚ್ಚಿದ ಶಾಲೆಯ ಪಿಯಾನೋ ಕೊಂಡಿದ್ದಾನೆ,
ಹಡಗಿಗೆ ಹಾಕಬೇಕು.
ಉದ್ದ ಎಷ್ಟು ಎಂದು ಫಾರಂ ಕೇಳಿತು;
ಟೇಪು ಹಿಡಿದು ಗುಡ್ಡ ಹತ್ತಿದ.
ಕೀಲಿಕೈ ಇದ್ದ ಮನೆಯಲ್ಲಿ ಕಾಫಿ ಕುಡಿಯದೆ ಬರುವ ಹಾಗಿಲ್ಲ.
ಬಂದರೆ, ಯಾರು ನೀವು.
ಮೊದಲಿಂದ ಬರೆದ. ಅಗಲ ಎಷ್ಟು ಎಂದಿತು. ಮತ್ತೆ ಗುಡ್ಡ.
"ಎಲ್ಲಾ ಒಂದೇ ಸಲ ಅಳೆಯಬಾರದಿತ್ತೇ?" ಎಂದಳಂತೆ ಮಾರ್ನಾ.
"ಅದು ಒಂದೊಂದಾಗಿ ಕೇಳುತ್ತಲ್ಲ ತಾಯಿ!"

ಇಪ್ಪತ್ತನಾಲ್ಕು ನಿಮಿಷ ಎಂದು ಗಡುವಿಟ್ಟವರು ಯಾರು?
ಬಾರ್ದುರ್ ತಲೆ ಎತ್ತದೆ, "ಬಂದದ್ದೇ ಹಾಗೆ" ಎಂದ.

ಒಂದು ರಾತ್ರಿ ಕೂತು ಡೇಟಾಬೇಸಿನಲ್ಲಿ ಟೇಬಲ್ ಕಟ್ಟಿದೆ.
ಮೂರೇ ಕಾಲಮ್ಮು:
ಬಿಲ್ಲೆಯ ಸಂಖ್ಯೆ, ಗಂಟು, ಕೊನೆಗೆ ಮುಟ್ಟಿದ ಹೊತ್ತು.
ಎರಡೂ ಸರ್ವರು ಇನ್ನು ಒಂದೇ ಕಣಜಕ್ಕೆ ಕೈಹಾಕಲಿ.
ಗಡುವನ್ನು ಒಂದು ಹಗಲು, ಒಂದು ರಾತ್ರಿ ಮಾಡಿದೆ.
ಪರೀಕ್ಷೆಗೆಂದು ಬಾರ್ದುರ್ ಒಂದರ ತಂತಿಯನ್ನೇ ಕಿತ್ತ.
ಗಂಟುಗಳು ಮಿಸುಕಲಿಲ್ಲ.

ಬಿಚ್ಚಿ ನೋಡಬಾರದು. ನೋಡಿದೆ.
ಸರಿಯಾಗಿ ಕೂತಿದೆಯೇ ಎಂದು, ಅಂದುಕೊಂಡೆ.
ಸಾಮಾನು: ಪಿಯಾನೋ. ಉದ್ದ: ನೂರ ನಲವತ್ತೇಳು.
ಅಗಲ:
ಅಲ್ಲಿಂದಾಚೆ ಖಾಲಿ.
ಕೊನೆಗೆ ಮುಟ್ಟಿದ್ದು ರಾತ್ರಿ ಹನ್ನೊಂದೂ ಹತ್ತು.
ಕೋಲುಮಿಂಚಿನ ಹಾಗೆ ಕರ್ಸರ್ ಮಿಣುಕುತ್ತಿರಬೇಕು
ಯಾರೂ ಇಲ್ಲದ ಒಂದು ಅಡುಗೆಮನೆಯಲ್ಲಿ.
ಬೆಳಿಗ್ಗೆ ಆರೂವರೆಗೆ ಮುಟ್ಟಿದ: ಅರವತ್ತೆರಡು.
ಸರ್ವರು ಏನೂ ಕೇಳಲಿಲ್ಲ.

ಮೂರು ಗಂಟೆಗೆ, ನಡುರಾತ್ರಿ ಕಳೆದು, ಕಸಬರಿಗೆಯೊಂದು ಓಡುತ್ತದೆ:
ಗಡುವು ಮೀರಿದ್ದನ್ನೆಲ್ಲ ಅಳಿಸು.
ಅರ್ಧಕ್ಕೆ ಬಿಟ್ಟ ಮದುವೆ ದಿಬ್ಬಣ, ನಾಲ್ಕು ಟಗರು,
ಇಬ್ಬರೆಂದು ಬರೆದು ಒಬ್ಬರೆಂದು ತಿದ್ದಿ
ಆಮೇಲೆ ಕಳಿಸದೇ ಹೋದ ಒಂದು ಟಿಕೆಟ್ಟು.
ಎರಡು ಸಾವಿರದ ಮುನ್ನೂರ ಹನ್ನೆರಡು ಸಾಲು,
ನಾನು ಕೆಮ್ಮಿ ಮುಗಿಸುವಷ್ಟರಲ್ಲಿ.
ಶುಕ್ರವಾರ ಪಿಯಾನೋದ ಸಾಲೂ ಹೋಯಿತು.

ಭಾನುವಾರ ದಕ್ಕೆಯಲ್ಲಿ ಇಳಿಸುತ್ತಿದ್ದರು,
ಉಣ್ಣೆಯ ಕಂಬಳಿ ಹೊದಿಸಿ, ಹಗ್ಗ ಬಿಗಿದು.
ಕಣ್ಣು ತಾನಾಗಿ ಅಳೆಯಿತು.
"ಅಗಲ ಸರಿಹೋಯಿತಾ?" ಎಂದುಬಿಟ್ಟೆ.
ಹಗ್ಗ ಹಿಡಿದ ಕೈ ಹಾಗೇ ನಿಲ್ಲಿಸಿ
ಮೇಲಿಂದ ಕೆಳಗೆ ನನ್ನನ್ನು ನೋಡಿ
"ಯಾರು ನೀವು?" ಎಂದ ತುಮ್ಮಸ್.

ಕೋಟಿನ ಜೇಬು ತಡಕಿದೆ.
ಬಿಲ್ಲೆ ಇರಲಿಲ್ಲ.